ಕರ್ಟಿಸ್ ಬ್ಲೋ ಅವರ ‘ಕಿಂಗ್‌ಡಮ್ ಬ್ಲೋ’: ಕುಂದಿದ್ದು ದನಿಯೋ, ಕಾಲವೋ?

ಪ್ರಶ್ನೆ: ಸರಸ್ವತಿಪುರಂ, ಮೈಸೂರು
1979ರಲ್ಲಿ ‘ಕ್ರಿಸ್‌ಮಸ್ ರ‍್ಯಾಪಿನ್’ ಹಾಡಿ, ದೊಡ್ಡ ಧ್ವನಿಮುದ್ರಣ ಸಂಸ್ಥೆಯ ಒಪ್ಪಂದ ಪಡೆದ ಮೊದಲ ರ‍್ಯಾಪರ್ ಎನಿಸಿಕೊಂಡು, ಮರುವರ್ಷ ‘ದಿ ಬ್ರೇಕ್ಸ್’ನಿಂದ ಮನೆಮಾತಾದ ಅಮೆರಿಕದ ಕರ್ಟಿಸ್ ಬ್ಲೋ, 1986ರ ‘ಕಿಂಗ್‌ಡಮ್ ಬ್ಲೋ’ ಆಲ್ಬಮ್ಮಿನಲ್ಲಿ ಆಗಲೇ ಹಳಬರಂತೆ ಕೇಳಿಸುವುದೇಕೆ? ನಡುವೆ ಕಳೆದದ್ದು ಏಳೇ ವರ್ಷ. ಅದರ ‘ಸ್ಟ್ರೀಟ್ ರಾಕ್’ ಹಾಡಿನಲ್ಲಿ ಹೆಸರಾಂತ ಗಾಯಕ ಬಾಬ್ ಡಿಲನ್ ದನಿಗೂಡಿಸಿದ್ದೂ ನೆರವಾದಂತಿಲ್ಲ.

ಉತ್ತರ: ಮಂಡ್ಯ
ಬದಲಾದದ್ದು ದನಿಯಲ್ಲ, ದನಿಯ ಕೆಳಗಿನ ನೆಲ. ‘ದಿ ಬ್ರೇಕ್ಸ್’ನ ಹಿಂದೆ ಫಂಕ್ (ಬಾಸ್ ಮತ್ತು ತಾಳವೇ ಮುಂದಾದ ಕುಣಿತದ ಸಂಗೀತ) ನುಡಿಸುವ ವಾದ್ಯಗಾರರ ತಂಡವೇ ಇತ್ತು. ಆದರೆ ಬ್ಲೋ ಅವರ ಆರಂಭದ ಹಾಡುಗಳಿಗೆ ಬಾಸ್ ಗಿಟಾರ್ ನುಡಿಸಿದ್ದ ಲ್ಯಾರಿ ಸ್ಮಿತ್ ಅವರೇ, 1983ರಲ್ಲಿ ರನ್-ಡಿಎಂಸಿ ಎಂಬ ರ‍್ಯಾಪ್ ತಂಡಕ್ಕೆ ‘ಸಕರ್ ಎಂಸೀಸ್’ ಹಾಡು ರೂಪಿಸುವಾಗ ಬಾಸನ್ನೇ ಕಿತ್ತುಹಾಕಿ, ಡ್ರಮ್ ಯಂತ್ರದ ಬಡಿತವೊಂದನ್ನೇ ಉಳಿಸಿದರು. ಆ ತಂಡದ ರನ್ ಮೊದಲು ‘ಕರ್ಟಿಸ್ ಬ್ಲೋ ಅವರ ಮಗ’ ಎಂಬ ಬಿರುದಿನಲ್ಲಿ ವೇದಿಕೆ ಏರುತ್ತಿದ್ದವರು! ಮನೆಯೊಳಗಿನವರೇ ತೊಲೆ ಬದಲಿಸಿದ ಮೇಲೆ ಹಿರಿಯರಿಗೆ ಸೂರು ಅಪರಿಚಿತವಾಯಿತು.

ಉತ್ತರ: ಮಳವಳ್ಳಿ
ಮಂಡ್ಯದವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನೆಲದೊಂದಿಗೆ ಹಾಡಿಕೆಯ ಉದ್ದೇಶವೂ ಬದಲಾಯಿತು. ನಮ್ಮ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಹಾಡುವಾಗ ಮುಮ್ಮೇಳದವರ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರಲ್ಲ, ಬ್ಲೋ ಅವರದೂ ಬಹುಮಟ್ಟಿಗೆ ಅದೇ ಬಗೆ: ಅವರು ಕೂಗಬೇಕು, ಜನ ಓಗೊಡಬೇಕು. ಅದಕ್ಕೆ ಸಾಲಿನ ಕೊನೆಯಲ್ಲೊಂದು ಗಟ್ಟಿ ಪ್ರಾಸವಿದ್ದರೆ ಸಾಕು. 1987ರ ‘ಪೇಯ್ಡ್ ಇನ್ ಫುಲ್’ ಆಲ್ಬಮ್ಮಿನಲ್ಲಿ ಮುಂದಿನ ಪೀಳಿಗೆಯ ರ‍್ಯಾಪರ್ ರಾಕಿಮ್ ದನಿ ಏರಿಸದೆಯೇ, ಸಾಲಿನ ನಡುನಡುವೆ ಪ್ರಾಸಗಳನ್ನು ಹೆಣೆದು, ಒಂದು ಸಾಲಿನ ಅರ್ಥವನ್ನು ಮುಂದಿನ ಸಾಲಿಗೆ ಹರಿಸಿದರು. ಅದು ಸಂತೆಗೆ ಸಾರುವ ಮಾತಲ್ಲ, ಒಬ್ಬನೇ ಕೂತು ಕೇಳಬೇಕಾದ ಮಾತು. ಹಾಗೆ ಕೇಳಲು ಕಲಿತ ಕಿವಿಗೆ ಬ್ಲೋ ಅವರ 1988ರ ಆಲ್ಬಮ್ಮಿನ ‘ಬ್ಯಾಕ್ ಬೈ ಪಾಪ್ಯುಲರ್ ಡಿಮ್ಯಾಂಡ್’ (ಜನರ ಬೇಡಿಕೆಯ ಮೇರೆಗೆ ಮರಳಿ) ಎಂಬ ಹೆಸರೇ ತುಸು ಕರುಣಾಜನಕವಾಗಿ ಕೇಳಿಸುತ್ತದೆ (ಇದು ನನ್ನ ಅಭಿಪ್ರಾಯ, ತೀರ್ಪಲ್ಲ).

ಪ್ರಶ್ನೆ ಕೇಳಿದವರು: ಮೈಸೂರು
ಇಬ್ಬರಿಗೂ ವಂದನೆಗಳು. ಹಾಗಾದರೆ ಒಂದು ತಕರಾರು ಉಳಿಯುತ್ತದೆ: ಬ್ಲೋ ಅವರ 1985ರ ‘ಇಫ್ ಐ ರೂಲ್ಡ್ ದಿ ವರ್ಲ್ಡ್’ ಹಾಡನ್ನು 1996ರಲ್ಲಿ ರ‍್ಯಾಪರ್ ನಾಸ್ ಎತ್ತಿಕೊಂಡಾಗ, ರಾಕಿಮ್ ದಾರಿಯಲ್ಲೇ ಬೆಳೆದ ಆ ಕವಿಗೆ ಬೇಕಾದದ್ದು ಬ್ಲೋ ಅವರ ಆ ಕೂಗುವ ಪಲ್ಲವಿಯೇ ಅಲ್ಲವೇ?