ಬೀಟೆ ಮರದ ಹಳೇ ಡ್ರೆಸ್ಸಿಂಗ್ ಟೇಬಲ್ ಹೊಸ ಬೆಡ್‌ರೂಮಿಗೆ ಹೊಂದಿಸುವುದು ಹೇಗೆ?

ಹೊಸಕೋಣೆ (ಪ್ರಶ್ನೆ)

ಬೀಟೆ ಮರದ ಹಳೇ ಡ್ರೆಸ್ಸಿಂಗ್ ಟೇಬಲ್ ಒಂದಿದೆ. ಅಗಲ 110 ಸೆಂ.ಮೀ., ಆಳ 50, ಎತ್ತರ 84. ಮೇಲೆ ಎರಡು ಚಿಕ್ಕ ಡ್ರಾಯರ್, ಕೆಳಗೆ ಎರಡು ದೊಡ್ಡವು. ಹಿಂದೆ ಎರಡು ಕಂಬಗಳ ನಡುವೆ ಓಲಾಡುವ ಕನ್ನಡಿ. ಅದನ್ನೂ ಸೇರಿಸಿದರೆ ಎತ್ತರ 165. ಹಿತ್ತಾಳೆ ಹಿಡಿಕೆಗಳು ಕಪ್ಪಗಾಗಿವೆ. ಮೇಲ್ಹಲಗೆಯಲ್ಲಿ ಲೋಟ ಇಟ್ಟ ಬಿಳಿ ಉಂಗುರ ಮೂರು, ಕಪ್ಪು ಕಲೆ ಒಂದು. ಕೆಳಗಿನ ಡ್ರಾಯರ್ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ.

ಕೋಣೆ ಪೂರ್ತಿ ಹೊಸದು. ತಗ್ಗು ಮಂಚ (ಹಾಸಿಗೆಯ ಮೇಲ್ಮೈ ನೆಲದಿಂದ 45 ಸೆಂ.ಮೀ.), ಹಿಡಿಕೆಯೇ ಇಲ್ಲದ ಬಿಳಿ ವಾರ್ಡ್‌ರೋಬ್, ತಿಳಿ ಬೂದು ಗೋಡೆ, 6500 ಕೆಲ್ವಿನ್‌ನ (ತಣ್ಣನೆಯ ಬಿಳಿ ಬೆಳಕಿನ) ಎಲ್‌ಇಡಿ ದೀಪ. ಟೇಬಲ್ ಅಲ್ಲಿಟ್ಟರೆ ಮೂಲೆಯಲ್ಲಿ ಕಪ್ಪು ದಿಮ್ಮಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಮೂರು ಸಲಹೆ ಬಂದಿವೆ: ಬಿಳಿ ಬಣ್ಣ ಬಳಿಯುವುದು, ಪೂರ್ತಿ ಉಜ್ಜಿ ಪಿಯು (ಪಾಲಿಯುರೆಥೇನ್ ಲೇಪ) ಹೊಡೆಸುವುದು, ಹಿಡಿಕೆ ಬದಲಿಸಿ ಕರಿ ಲೋಹದ್ದು ಹಾಕುವುದು. ಯಾವುದು ಸರಿ?

ಅರಗುಪಾಲಿಶ್

ಮೂರೂ ಬೇಡ. ಮೊದಲು ಮೇಲಿರುವ ಪಾಲಿಶ್ ಯಾವುದೆಂದು ತಿಳಿದುಕೊಳ್ಳಿ. ಹಿಂಗಾಲಿನ ಒಳಬದಿಯಂಥ ಕಾಣದ ಜಾಗದಲ್ಲಿ ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಏನೂ ಆಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಈಚೆಗೆ ಯಾರೋ ಪಿಯು ಅಥವಾ ಮೆಲಮೈನ್‌ನಂಥ ಗಟ್ಟಿ ಲೇಪ ಹೊಡೆಸಿರಬೇಕು. ಬೀಟೆಯ ವಿಷಯದಲ್ಲಿ ಒಂದು ಎಚ್ಚರ: ಈ ಮರದ ಬಣ್ಣವೇ ಸ್ಪಿರಿಟ್‌ನಲ್ಲಿ ಬಿಡುತ್ತದೆ. ಹತ್ತಿ ನೇರಳೆಯಾಯಿತು ಅಂದಮಾತ್ರಕ್ಕೆ ಅರಗು ಕರಗಿತು ಅಂತಲ್ಲ. ಬೆರಳಿಗೆ ಅಂಟುತ್ತದೆಯೇ ಅನ್ನುವುದನ್ನು ನೋಡಿ.

ಇನ್ನು ಉಜ್ಜುವ ಮಾತು. ಡ್ರಾಯರ್ ಮುಖದ ಅಂಚನ್ನು ಮೇಲಿನಿಂದ ನೋಡಿ. ಮುಂಬದಿಯ ಗೆರೆಗಳು ಅಂಚಿನ ಮೇಲೆ ಮುಂದುವರಿಯದೆ ಅಲ್ಲಿ ಬೇರೆ ಬಣ್ಣದ ಮರ ಕಂಡರೆ, ಬೀಟೆ ಬರೀ ವಿನಿಯರ್, ಅಂದರೆ ಬೇರೆ ಮರದ ಮೇಲೆ ಅಂಟಿಸಿದ ತೆಳು ಹಾಳೆ. ಕಾಲಕಾಲಕ್ಕೆ ಪಾಲಿಶ್ ಕಂಡ ವಿನಿಯರ್ ಎಷ್ಟೋ ಕಡೆ ಒಂದು ಮಿಲಿಮೀಟರೂ ಉಳಿದಿರುವುದಿಲ್ಲ. ಮೆಷಿನ್ ಇಟ್ಟರೆ ಅಂಚುಗಳಲ್ಲಿ ಒಂದೇ ಸುತ್ತಿಗೆ ಹರಿದು ಒಳಮರ ಬಯಲಾಗುತ್ತದೆ. ಅದನ್ನು ಮತ್ತೆ ಮುಚ್ಚಲಾಗದು. ಗಟ್ಟಿ ಮರವೇ ಆಗಿದ್ದರೂ, ವರ್ಷಗಟ್ಟಲೆ ಬೆಳಕು, ಕೈ, ಮೇಣ ಸೇರಿ ಬಂದಿರುವ ಆ ಮೇಲ್ಪದರದ ಬಣ್ಣ ಹೋದರೆ ಹೋಯಿತು. ಮೇಣ ಕುಡಿದ ಅರಗಿನ ಮೇಲೆ ಪಿಯು ಹಿಡಿಯುವುದೂ ಇಲ್ಲ, ಕೆಲವೇ ತಿಂಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಎಣ್ಣೆಬಣ್ಣವೂ ಅಷ್ಟೇ.

ಬೇಕಾದದ್ದು ಶುಚಿ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಎರಡು ಮೂರು ಹನಿ ಸೌಮ್ಯವಾದ ಪಾತ್ರೆ ಸೋಪು. ಬಟ್ಟೆ ಹಿಂಡಿದರೆ ಹನಿ ಬೀಳಬಾರದು, ಅಷ್ಟೇ ಒದ್ದೆ. ಒಂದು ಅಡಿ ಜಾಗ ಒರೆಸಿ, ಆಗಲೇ ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಂದಿನ ಅಡಿ. ಅದಕ್ಕೂ ಬಿಡದ ಹಳೇ ಮೇಣ, ಜಿಡ್ಡಿಗೆ ಮಿನರಲ್ ಟರ್ಪೆಂಟೈನ್. ಅರಗಿಗೆ ಅದರಿಂದ ತೊಂದರೆಯಿಲ್ಲ. ಬಟ್ಟೆ ಕಂದು ಆಗುವುದು ನಿಲ್ಲುವ ತನಕ ಮಾಡಿ. ಕಪ್ಪು ದಿಮ್ಮಿ ಅಂದಿರಲ್ಲ, ಅದರಲ್ಲಿ ಬಹುಪಾಲು ಕೊಳೆಯೇ ಇರುತ್ತದೆ. ಬೀಟೆಯ ನೇರಳೆ–ಕಂದು ಗೆರೆಗಳು ಈ ಒಂದೇ ಹಂತದಲ್ಲಿ ಮೇಲೆ ಬರುತ್ತವೆ.

ಬಿಳಿ ಉಂಗುರ ಅಂದರೆ ಪಾಲಿಶ್ ಪದರದೊಳಗೆ ಸಿಕ್ಕಿಕೊಂಡ ತೇವ. ಮೊದಲು ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವೂಲ್‌ಗೆ ಮೇಣ ಹಚ್ಚಿ ಮರದ ಎಳೆಯ ದಿಕ್ಕಿಗೆ ಹಗುರವಾಗಿ ಉಜ್ಜಿ. ಹೋಗದಿದ್ದರೆ, ಮತ್ತು ಪಾಲಿಶ್ ಅರಗಿನದೇ ಆಗಿದ್ದರೆ ಮಾತ್ರ, ಒಣ ಹತ್ತಿಬಟ್ಟೆಯ ಉಂಡೆಗೆ ನಾಲ್ಕೈದು ಹನಿ ಸ್ಪಿರಿಟ್ ಹಾಕಿ ಅಂಗೈಗೆ ಒತ್ತಿ ನೋಡಿ. ತಣ್ಣಗೆನಿಸಬೇಕು, ಒದ್ದೆಯಾಗಬಾರದು. ಅದನ್ನು ಉಂಗುರದ ಮೇಲೆ ನಿಲ್ಲಿಸದೆ ಒಮ್ಮೆ ಬೀಸಿ ಎತ್ತಿ. ಪದರ ಕ್ಷಣಕಾಲ ಸಡಿಲಾಗಿ ತೇವ ಹೊರಬೀಳುತ್ತದೆ. ನಿಮಿಷ ಬಿಟ್ಟು ಇನ್ನೊಮ್ಮೆ. ಉಂಡೆಯನ್ನು ಮಧ್ಯೆ ನಿಲ್ಲಿಸಿದಿರೋ, ಬಟ್ಟೆಯ ನೇಯ್ಗೆ ಅಚ್ಚೊತ್ತಿಬಿಡುತ್ತದೆ.

ಕಪ್ಪು ಕಲೆಯ ಕಥೆ ಬೇರೆ. ನೀರು ಮರದ ತನಕ ಇಳಿದು, ಕಬ್ಬಿಣದ ಅಂಶ ಮರದ ಟ್ಯಾನಿನ್ (ಒಗರಿನ ಅಂಶ) ಜೊತೆ ಸೇರಿ ಆಗುವ ಕಲೆ ಅದು. ತೆಗೆಯಲು ಪಾಲಿಶ್ ಕಿತ್ತು ಆಕ್ಸಾಲಿಕ್ ಆಮ್ಲ ಹಚ್ಚಬೇಕಾಗುತ್ತದೆ. ಒಂದು ಕಲೆಗೆ ಅಷ್ಟು ಮಾಡಬೇಡಿ, ಅದರ ಮೇಲೆ ದೀಪ ಕೂರಲಿ.

ಕೊನೆಗೆ ಜೇನುಮೇಣ–ಕಾರ್ನೌಬಾ (ಒಂದು ಬಗೆಯ ತಾಳೆಯ ಎಲೆಯ ಮೇಣ) ಪೇಸ್ಟ್, ಇಡೀ ಮೇಲ್ಹಲಗೆಗೆ ಒಂದು ಚಮಚ ಸಾಕು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಒರೆಸಿ. ಹೊಳಪು ರೇಷ್ಮೆಯಷ್ಟೇ ಇರಲಿ. ಹಳೇ ಮರ ಹೊಸ ಕೋಣೆಯಲ್ಲಿ ಅಪರಿಚಿತವಾಗಿ ಕಾಣಲು ಎಷ್ಟೋ ಸಲ ಮರ ಕಾರಣವಲ್ಲ, ಗಾಜಿನ ಹಾಗೆ ಹೊಳೆಯುವ ಪಾಲಿಶ್ ಕಾರಣ. ಸುತ್ತಲಿನ ವಾರ್ಡ್‌ರೋಬ್, ಮಂಚ ಎಲ್ಲ ಮ್ಯಾಟ್ ಇರುವಾಗ ಅದೊಂದೇ ಥಳಥಳ ಅಂದರೆ ಕಣ್ಣಿಗೆ ಹೊಡೆಯುತ್ತದೆ. ಸಿಲಿಕೋನ್ ಇರುವ ಪಾಲಿಶ್ ಸ್ಪ್ರೇ ಮಾತ್ರ ಹತ್ತಿರ ತರಬೇಡಿ. ಮುಂದೆ ಯಾವಾಗ ಪಾಲಿಶ್ ಮಾಡಿಸಿದರೂ ಅಲ್ಲಲ್ಲಿ ಮೀನುಕಣ್ಣಿನಂಥ ಗುಳಿ ಬಿಡುತ್ತದೆ.

ತಿಳಿಬೆಳಕು

ಮರದ ಬಗ್ಗೆ ಮೇಲೆ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತ. ಇಲ್ಲಿ ಬದಲಾಗಬೇಕಾದದ್ದು ಕೋಣೆ. ಮೊದಲ ಅಪರಾಧಿ ದೀಪ. 6500 ಕೆಲ್ವಿನ್ ಬೆಳಕಿನಲ್ಲಿ ಕೆಂಪು ಕಡಿಮೆ, ನೀಲಿ ಹೆಚ್ಚು. ಕೆಂಪು–ನೇರಳೆ ಛಾಯೆಯ ಬೀಟೆ ಅದರಡಿ ಇದ್ದಿಲಾಗುತ್ತದೆ. 2700–3000 ಕೆಲ್ವಿನ್‌ಗೆ ಬನ್ನಿ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕಿಂತ ಕಡಿಮೆ ಇರುವ ಬಲ್ಬ್ ಬೇಡ. ಬೇರೇನೂ ಖರ್ಚು ಮಾಡುವ ಮೊದಲು ಇದೊಂದನ್ನು ಮಾಡಿ, ಎರಡು ದಿನ ನೋಡಿ.

ಎರಡನೆಯದು ಕನ್ನಡಿ. ಇಂಥ ಟೇಬಲ್‌ಗಳಲ್ಲಿ ಕಂಬಗಳನ್ನು ಸಾಮಾನ್ಯವಾಗಿ ಹಿಂದಿನಿಂದ ಸ್ಕ್ರೂ ಹಾಕಿ ನಿಲ್ಲಿಸಿರುತ್ತಾರೆ. ಬಿಚ್ಚಿದರೆ ಮರಕ್ಕೆ ಏನೂ ಆಗದೆ ಟೇಬಲ್ 84 ಸೆಂ.ಮೀ.ನ ಸಾದಾ ಡ್ರಾಯರ್ ಪೆಟ್ಟಿಗೆಯಾಗುತ್ತದೆ. ನಿಮ್ಮ ಮಂಚ ತಗ್ಗು, ವಾರ್ಡ್‌ರೋಬ್ ನೇರ ಗೆರೆಯದು. ಆ ಕೋಣೆಯಲ್ಲಿ ಅನ್ಯವಾಗಿ ಕಾಣುತ್ತಿರುವುದು ತಿರುವುಮುರುವಿನ ಆ ಕಂಬಗಳೇ. ಸ್ಕ್ರೂಗಳನ್ನು ಚೀಲಕ್ಕೆ ಹಾಕಿ ಡ್ರಾಯರಿನ ಹಿಂಬದಿಗೆ ಕಟ್ಟಿಬಿಡಿ, ಮತ್ತೆ ಜೋಡಿಸುವವರಿಗೆ ಸಿಗಲಿ. ಬದಲಿಗೆ ಗೋಡೆಗೆ ಚೌಕಟ್ಟಿಲ್ಲದ ದುಂಡು ಕನ್ನಡಿ. ವ್ಯಾಸ ಟೇಬಲ್ ಅಗಲದ ಮೂರರಲ್ಲಿ ಎರಡು ಪಾಲು, ಅಂದರೆ ನಿಮಗೆ 70–75 ಸೆಂ.ಮೀ. ಮೇಲ್ಹಲಗೆಗೂ ಕನ್ನಡಿಯ ಕೆಳ ಅಂಚಿಗೂ 15–18 ಸೆಂ.ಮೀ. ಬಿಡಿ. 30 ಬಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲದ ಹಾಗೆ ತೇಲುತ್ತದೆ.

ಜಾಗ: ಮಂಚದ ಪಕ್ಕ ಬೇಡ. ಪಕ್ಕದ ಮೇಜು ಹಾಸಿಗೆಯ ಮೇಲ್ಮೈಗಿಂತ ಐದು ಸೆಂ.ಮೀ. ಹೆಚ್ಚುಕಡಿಮೆ ಇದ್ದರೆ ಸರಿ, ನಿಮ್ಮದು ಸುಮಾರು 40 ಎತ್ತರ ಹೋಗುತ್ತದೆ. ಕಾಲ್ದೆಸೆಯ ಗೋಡೆಗೆ, ಮುಂದೆ 90 ಸೆಂ.ಮೀ. ಖಾಲಿ ಬಿಟ್ಟು ಇಡಿ. ಡ್ರಾಯರ್ ಎಳೆದು ಎದುರು ನಿಲ್ಲಲು ಅಷ್ಟು ಬೇಕು. ಗೋಡೆಯಿಂದ ಮೂರು ನಾಲ್ಕು ಸೆಂ.ಮೀ. ಈಚೆಗಿರಲಿ, ಹಿಂದೆ ಗಾಳಿಯಾಡುತ್ತದೆ, ವೈರೂ ಇಳಿಯುತ್ತದೆ. ಎಸಿ ಗಾಳಿ ನೇರ ಬಡಿಯುವ ಕಡೆ ಇಟ್ಟರೆ ಹಲಗೆ ಅಡ್ಡಡ್ಡ ಕುಗ್ಗಿ ಸೀಳುತ್ತದೆ. ಕಿಟಕಿ ಬಿಸಿಲಿಗೆ ಬೀಟೆ ಬಿಳಿಚಿಕೊಳ್ಳುತ್ತದೆ. ಅದರಲ್ಲೂ ಮೇಲಿಟ್ಟ ವಸ್ತುಗಳ ಕೆಳಗೆ ಮಾತ್ರ ಬಣ್ಣ ಉಳಿದು ಅಚ್ಚು ಮೂಡುತ್ತದೆ.

ಟೇಬಲ್ ಹಿಂದಿನ ಒಂದು ಗೋಡೆಯನ್ನು ನೀಲಿ ಛಾಯೆಯ ಬೂದಿನಿಂದ ಬೆಚ್ಚನೆಯ ಕೆನೆ ಬಿಳಿಗೆ ತನ್ನಿ. ಉಳಿದ ಮೂರು ಹಾಗೇ ಇರಲಿ. ಆಮೇಲೆ ಈ ಮರದ ಬಣ್ಣವನ್ನು ಕೋಣೆಯಲ್ಲಿ ಇನ್ನೊಂದೇ ಒಂದು ಕಡೆ, ಚಿಕ್ಕದಾಗಿ ತನ್ನಿ: ಚಿತ್ರದ ಚೌಕಟ್ಟೋ, ಮಂಚದ ಪಕ್ಕದ ಸ್ಟೂಲೋ. ಹಿತ್ತಾಳೆಯನ್ನು ಓದುವ ದೀಪದಲ್ಲಿ ಒಮ್ಮೆ. ಇಷ್ಟಾದರೆ ಟೇಬಲ್ ಒಂಟಿ ಅನಿಸುವುದಿಲ್ಲ. ಇದಕ್ಕಿಂತ ಹೆಚ್ಚಾದರೆ ಕೋಣೆ ಹಳೇ ಸಾಮಾನಿನ ಅಂಗಡಿಯಾಗುತ್ತದೆ. ಮೇಲ್ಹಲಗೆಯ ಮೇಲೆ 55–60 ಸೆಂ.ಮೀ. ಎತ್ತರದ, ಲಿನನ್ ಟೋಪಿಯ ದೀಪ ಒಂದು, ತಟ್ಟೆ ಒಂದು. ಅರ್ಧಕ್ಕಿಂತ ಹೆಚ್ಚು ಹಲಗೆ ಬರಿದಾಗಿಯೇ ಇರಲಿ.

ಹೊಸಕೋಣೆ

ಸ್ಪಿರಿಟ್ ಪರೀಕ್ಷೆ ಮಾಡಿಯಾಯಿತು, ಅಂಟಿತು. ಮೂರು ಹೊಸ ವಿಷಯ. ಕನ್ನಡಿಯ ಅಂಚಿಗೆ ಟಾರ್ಚ್ ಬಿಟ್ಟರೆ ಒಳಗೆ ಸಣ್ಣ ಹರಳುಗಳ ಹಾಗೆ ಮಿನುಗುತ್ತದೆ. ಎಡ ಹಿಂಗಾಲಿನ ಕೆಳಗೆ ತಿಳಿ ಬಣ್ಣದ ನಯವಾದ ಪುಡಿ ಬಿದ್ದಿದೆ. ಮತ್ತೆ, ಮೇಲ್ಹಲಗೆಗೆ ಗಾಜು ಹಾಕಿಸಬಹುದೇ?

ಅರಗುಪಾಲಿಶ್

ಕನ್ನಡಿಯನ್ನು ಸದ್ಯ ಮುಟ್ಟಬೇಡಿ. ಬಿಳಿ ಕಾಗದದ ಮೂಲೆಯನ್ನು ಗಾಜಿಗೆ ತಾಗಿಸಿ ಪ್ರತಿಬಿಂಬ ನೋಡಿ. ಕಾಗದ ತುಸು ಹಳದಿಯಾಗಿ ಕಂಡರೆ ಬೆಳ್ಳಿ ಲೇಪ. ನೀಲಿ–ಬೂದಾಗಿ ಕಂಡು ಅಂಚಿನಲ್ಲಿ ಹರಳು ಮಿನುಗಿದರೆ ಅದು ತವರ–ಪಾದರಸದ ಲೇಪ ಇರಬಹುದು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಗಾಜಿಗೆ ಬೆಳ್ಳಿ ಕೂರಿಸುವ ವಿಧಾನ ಕಂಡುಕೊಂಡ ಮೇಲೂ ಪಾದರಸದ ಕನ್ನಡಿಗಳು ಹತ್ತೊಂಬತ್ತನೇ ಶತಮಾನದ ಕೊನೆಯವರೆಗೆ ತಯಾರಾಗುತ್ತಿದ್ದವು. ಹಳೆಯದಾದಂತೆ ಪಾದರಸ ಬೇರ್ಪಟ್ಟು ಚೌಕಟ್ಟಿನ ತಳದಲ್ಲಿ ಹನಿಗಟ್ಟುತ್ತದೆ. ಹಾಗಾಗಿ ತಲೆಕೆಳಗು ಮಾಡಬಾರದು, ಮಲಗಿಸಬಾರದು, ಹಿಂಬದಿ ಕೆರೆಯಬಾರದು. ಹನಿ ಕಂಡರೆ ವ್ಯಾಕ್ಯೂಮ್ ಕ್ಲೀನರ್ ಹಾಕಲೇಬಾರದು, ಅದು ಪಾದರಸವನ್ನು ಆವಿ ಮಾಡಿ ಕೋಣೆಯೆಲ್ಲ ಹರಡುತ್ತದೆ. ಮಲಗುವ ಕೋಣೆಗೆ ಇದು ತಕ್ಕುದಲ್ಲ. ಹಳೇ ಕನ್ನಡಿ ಸಂರಕ್ಷಣೆ ತಿಳಿದವರ ಕೈಯಲ್ಲೇ ಬಿಚ್ಚಿಸಿ, ನೆಟ್ಟಗೆ ನಿಲ್ಲಿಸಿದ ಸ್ಥಿತಿಯಲ್ಲೇ, ಗಾಳಿಯಾಡುವ ಬೇರೆ ಜಾಗಕ್ಕೆ ಸಾಗಿಸಿ.

ಗಾಜು ಹಾಕಿಸಬಹುದು, ಆದರೆ ಹಲಗೆಗೆ ನೇರ ತಾಗಬಾರದು. ನಡುವೆ ತೇವ ಸಿಕ್ಕಿ ಮತ್ತೆ ಬಿಳಿ ಕಲೆ; ಸೆಕೆಗೆ ಅರಗು ಮೆತ್ತಗಾಗಿ ಗಾಜಿಗೇ ಅಂಟುತ್ತದೆ. 5 ಮಿ.ಮೀ. ಗಾಜು, ಕೆಳಗೆ ಫೆಲ್ಟ್ ಬಿಲ್ಲೆ ಆರು. ರಬ್ಬರ್, ವಿನೈಲ್ ಬಿಲ್ಲೆ ಬೇಡ. ಅವುಗಳಲ್ಲಿನ ಮೆದುಕಾರಕ ಪಾಲಿಶ್‌ಗೆ ಇಳಿದು ಕಲೆ ಮಾಡುತ್ತದೆ. ದೀಪದ ಬುಡಕ್ಕೂ ಇದೇ ಮಾತು.

ಕುಟ್ಟೆಹುಳ

ಪುಡಿಯ ಬಗ್ಗೆ. ಇದು ತೀರ್ಮಾನವಾಗುವ ತನಕ ಟೇಬಲ್ ಮಂಚದ ಕೋಣೆಗೆ ಬರಬಾರದು.

ಎಡ ಹಿಂಗಾಲು, ತಳ, ಡ್ರಾಯರಿನ ಒಳಗೆ ತೂತು ಹುಡುಕಿ. ಒಂದೆರಡು ಮಿ.ಮೀ. ಅಗಲದ ದುಂಡು ತೂತು ಅಂದರೆ ಹುಳ ಹೊರಬಂದ ದಾರಿ. ಒಳಗೋಡೆ ಕಪ್ಪಗೆ, ದೂಳು ತುಂಬಿದ್ದರೆ ಹಳೆಯದು. ಹೊಸದಾಗಿ ಸೀಳಿದ ಮರದ ಬಣ್ಣವಿದ್ದರೆ ಒಳಗೆ ಈಗಲೂ ಕೆಲಸ ನಡೆದಿದೆ. ಸಾಮಾನ್ಯವಾಗಿ ಬೀಟೆಯ ಗಟ್ಟಿ ಒಳಮರವನ್ನು ಹುಳ ಬಿಟ್ಟು ಹಿಂಬದಿಯ, ತಳದ ಮೆದು ಮರ ಮತ್ತು ಬಿಳಿಯ ಹೊರಮರವನ್ನು ತಿನ್ನುತ್ತದೆ. ನೋಡಬೇಕಾದದ್ದು ಅಲ್ಲೇ. ಇರುವ ಪುಡಿಯನ್ನೆಲ್ಲ ಬ್ರಷ್‌ನಲ್ಲಿ ತೆಗೆದು, ಕಾಲುಗಳ ಕೆಳಗೆ ಕಪ್ಪು ಕಾಗದ ಹಾಸಿ ಮೂರು ವಾರ ಬಿಡಿ. ಟೇಬಲ್ ಅಲುಗಾಡಿಸಿದರೆ ಹಳೇ ಪುಡಿಯೂ ಉದುರಿ ದಾರಿ ತಪ್ಪಿಸುತ್ತದೆ, ಅದಕ್ಕೇ ಆ ಮೂರು ವಾರ ಮುಟ್ಟಬೇಡಿ.

ಹೊಸ ಪುಡಿ ಬಿದ್ದರೆ ಬೊರೇಟ್ (ಹುಳ ಕೊಲ್ಲುವ ಬೋರಾನ್ ಲವಣ) ದ್ರಾವಣ. ನೆನಪಿರಲಿ, ಇದು ಪಾಲಿಶ್ ಇರುವ ಕಡೆ ಒಳಗಿಳಿಯುವುದೇ ಇಲ್ಲ. ತಳ, ಬೆನ್ನುಹಲಗೆ, ಡ್ರಾಯರಿನ ಒಳಮೈ, ಹೀಗೆ ಬರಿಮರ ಇರುವ ಕಡೆ ಬ್ರಷ್‌ನಲ್ಲಿ ಎರಡು ಸಲ, ತೂತುಗಳಿಗೆ ಸಿರಿಂಜಿನಲ್ಲಿ. ಪೂರ್ತಿ ಒಣಗಿದ ಮೇಲೆ ತೂತುಗಳಿಗೆ ಬಣ್ಣದ ಮೇಣ ತುಂಬಿ. ಅಂದ ಮಾತ್ರ ಅಲ್ಲ, ಮುಂದೆ ಹೊಸ ತೂತು ಬಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ಸೀಮೆಎಣ್ಣೆ ಸುರಿಯುವವರಿದ್ದಾರೆ, ವಾಸನೆ ಬಟ್ಟೆಗಳಿಗೆ ಹತ್ತುತ್ತದೆ, ಬೆಂಕಿಯ ಭಯ ಬೇರೆ.

ಹಿತ್ತಾಳೆ_ಬೀಗ

ಹಿಡಿಕೆ ಬದಲಿಸಬೇಡಿ. ಹೊಸದರ ತೂತಿನ ಅಂತರ ಹಳೆಯದಕ್ಕೆ ಕೂಡುವುದು ಅಪರೂಪ, ಹೊಸ ತೂತು ಕೊರೆಯಬೇಕಾಗುತ್ತದೆ. ಹಳೇ ತಗಡಿನ ಕೆಳಗೆ ಬಿಸಿಲು ಕಾಣದ ಮರದ ಅಚ್ಚೂ ಹೊರಗೆ ಕಾಣುತ್ತದೆ.

ಎಲ್ಲವನ್ನೂ ಬಿಚ್ಚಿ, ಯಾವುದು ಯಾವ ಡ್ರಾಯರಿನದೆಂದು ನಂಬರು ಹಾಕಿ. ಮರದ ಮೇಲಿರುವಾಗಲೇ ತಿಕ್ಕಿದರೆ ಲೋಹದ ಪಾಲಿಶ್ ಸುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಅಯಸ್ಕಾಂತ ಅಂಟಿದರೆ ಕಬ್ಬಿಣದ ಮೇಲೆ ಬರೀ ಹಿತ್ತಾಳೆ ಲೇಪ, ಆಗ ಸೋಪುನೀರು ಬಿಟ್ಟು ಬೇರೇನೂ ಬೇಡ. ಗಟ್ಟಿ ಹಿತ್ತಾಳೆಯಾದರೆ ಸೋಪುನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್, ಚೆನ್ನಾಗಿ ಒಣಗಿಸಿ, ಕೈ ತಾಗುವ ಉಬ್ಬುಗಳಿಗಷ್ಟೇ ಪಾಲಿಶ್. ತಗ್ಗುಗಳ ಕಪ್ಪು ಹಾಗೇ ಇರಲಿ, ಅದರಿಂದಲೇ ಕೆತ್ತನೆ ಎದ್ದು ಕಾಣುತ್ತದೆ. ಹುಳಿ ಹಚ್ಚಿ ಬಿಟ್ಟರೆ ಸತು ಕರಗಿ ಹೋಗಿ ಹಿತ್ತಾಳೆ ತಾಮ್ರದ ಹಾಗೆ ಗುಲಾಬಿಯಾಗುತ್ತದೆ.

ಸಿಕ್ಕಿಕೊಳ್ಳುವ ಡ್ರಾಯರ್: ತಕ್ಷಣ ಹತ್ತರಿ (ಮರ ಹೆರೆಯುವ ಉಪಕರಣ) ಹಿಡಿಯಬೇಡಿ. ಟೇಬಲ್ ಮುಖದ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಮೂರು ಮಿ.ಮೀ. ವ್ಯತ್ಯಾಸವಿದ್ದರೆ ನೆಲ ಸಮವಿಲ್ಲದೆ ಪೆಟ್ಟಿಗೆಯೇ ತಿರುಚಿದೆ. ತಗ್ಗಾದ ಕಾಲಿನ ಕೆಳಗೆ ತೆಳು ಚಕ್ಕೆ ಕೊಡಿ. ಒಂದೇ ಕಾಲು ಜಮಖಾನದ ಮೇಲೆ ಬಂದರೂ ಇದೇ ಗತಿ, ನಾಲ್ಕೂ ಮೇಲಿರಲಿ ಇಲ್ಲವೇ ನಾಲ್ಕೂ ಹೊರಗಿರಲಿ. ಅಳತೆ ಸರಿಯಿದ್ದರೆ ಜಾರುಪಟ್ಟಿಗೂ ಡ್ರಾಯರಿನ ಕೆಳ ಅಂಚಿಗೂ ಮೇಣದಬತ್ತಿ ಉಜ್ಜಿ. ಎಣ್ಣೆ ಹಚ್ಚಿದರೆ ದೂಳು ಹಿಡಿದು ಗೋಂದಾಗುತ್ತದೆ. ಮಳೆಗಾಲದಲ್ಲಿ ಬಿಗಿಯಾದದ್ದನ್ನು ಹತ್ತರಿ ಹೊಡೆದರೆ ಬೇಸಿಗೆಗೆ ಗಡಗಡ ಅಲ್ಲಾಡುತ್ತದೆ, ಒಣ ಹವೆ ಬರಲಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಎರಡು ದೊಡ್ಡ ಡ್ರಾಯರ್ ಒಟ್ಟಿಗೆ ಎಳೆದರೆ ಟೇಬಲ್ ಮುಂದಕ್ಕೆ ಮಗುಚಬಹುದು. ಮಕ್ಕಳಿರುವ ಮನೆಯಾದರೆ ಗೋಡೆಗೆ ಬಿಗಿಯುವ ಪಟ್ಟಿ ಹಾಕಿಸಲೇಬೇಕು. ಬೆನ್ನುಹಲಗೆ ತೆಳು, ಸ್ಕ್ರೂ ನಿಲ್ಲುವುದಿಲ್ಲ. ಅದರ ಮೇಲಂಚಿನ ದಪ್ಪ ಅಡ್ಡಪಟ್ಟಿಗೆ ಹಾಕಬೇಕು. ಕನ್ನಡಿ ಕಂಬ ಬಿಚ್ಚಿದಾಗ ಉಳಿಯುವ ಸ್ಕ್ರೂ ತೂತುಗಳು ಆ ಅಡ್ಡಪಟ್ಟಿಯಲ್ಲೇ ಇದ್ದರೆ ಅವನ್ನೇ ಬಳಸಿ, ಹೊಸದು ಕೊರೆಯುವ ಕೆಲಸವೇ ಇಲ್ಲ.