ಹಳೆ ಫ್ಲ್ಯಾಟ್‌ನಲ್ಲಿ ಗೆದ್ದಲು ಇದೆಯಾ ಅಂತ ನೋಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ನಾನು, ನಮ್ಮ ಯಜಮಾನರು ಮುಂಬೈನ ಮುಲುಂಡ್‌ನಲ್ಲಿ ಒಂದು ಗ್ರೌಂಡ್ ಫ್ಲೋರ್ ಫ್ಲ್ಯಾಟ್ ನೋಡಿದ್ದೇವೆ. ಕಟ್ಟಡಕ್ಕೆ ಮೂವತ್ತು ವರ್ಷ ದಾಟಿದೆ. ಬೆಡ್‌ರೂಮ್ ಬಾಗಿಲ ಚೌಕಟ್ಟಿನ ಬುಡಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ, ಉಳಿದ ಕಡೆ ಹಳೇದೇ ಇದೆ. ಕೇಳಿದರೆ ಓನರ್ "ವಾಳವಿ (ಮರಾಠಿಯಲ್ಲಿ ಗೆದ್ದಲು) ಏನೂ ಇಲ್ಲ" ಅನ್ನುತ್ತಾರೆ. ಟೋಕನ್ (ಮುಂಗಡ ಹಣ) ಕೊಡುವ ಮುಂಚೆ ಪರೀಕ್ಷೆ ಮಾಡಿಸಬೇಕು ಅಂತಿದ್ದೇವೆ. ಏನೇನು ನೋಡಿಸಬೇಕು?

ಗೋರೆಗಾಂವ್‌ನಿಂದ:

ಮೊದಲೇ ಕೇಳಿದ್ದು ಒಳ್ಳೆಯದಾಯಿತು ಅಕ್ಕ. ನಾವು ಪರೀಕ್ಷೆ ಮಾಡಿಸಿಯೂ ಕಷ್ಟಕ್ಕೆ ಸಿಕ್ಕಿಕೊಂಡವರು. ಪೆಸ್ಟ್ ಕಂಟ್ರೋಲ್‌ನವರು ಬಂದರು, ಟಾರ್ಚ್ ಹಿಡಿದು ಒಂದು ಸುತ್ತು ಹಾಕಿದರು, ಹತ್ತು ನಿಮಿಷದಲ್ಲಿ ಏನೂ ಇಲ್ಲ ಅಂದು ಹೊರಟರು. ಕಪಾಟು ತುಂಬಾ ಸಾಮಾನಿತ್ತು, ಒಂದನ್ನೂ ಸರಿಸಲಿಲ್ಲ. ಆ ಮನೆಗೆ ಹೋಗಿ ಎಂಟು ತಿಂಗಳಾಗಿತ್ತು. ಒಂದು ದಿನ ಅತ್ತೆ ತಮ್ಮ ಮದುವೆ ಆಲ್ಬಂ ತೆಗೆಯಲು ಹೋದರು. ಹಾಳೆಗಳೆಲ್ಲ ಜರಡಿಯ ಹಾಗೆ ತೂತಾಗಿದ್ದವು. ಕಪಾಟಿನ ಹಿಂದಿನ ಪ್ಲೈವುಡ್ ಮೇಲೆ ಕೈ ಊರಿದೆ, ಬೆರಳು ಸೀದಾ ಒಳಗೆ ಹೋಯಿತು. ಮೇಲಿನ ಸನ್‌ಮೈಕಾ ಹೊಸದರ ಹಾಗೇ ಇತ್ತು, ಅದರ ಹಿಂದೆ ಬರೀ ಮಣ್ಣು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಕಣ್ಣಿಗೆ ಬಿದ್ದಷ್ಟನ್ನೇ ನೋಡಿ ಹೋದರೆ ಅದು ಪರೀಕ್ಷೆ ಅಲ್ಲ. ಕಪಾಟು ಖಾಲಿ ಮಾಡಿಕೊಡಿ, ಮಂಚ ಗೋಡೆಯಿಂದ ದೂರ ಸರಿಸಿ, ಸಿಂಕ್ ಕೆಳಗಿನ ಟ್ರಾಲಿ ಹೊರಗೆ ತೆಗೆದಿಡಿ ಅಂತ ಓನರ್‌ಗೆ ಮುಂಚೆಯೇ ಹೇಳಿಬಿಡಿ. ನೋಡುವವರ ಜೊತೆ ನೀವೂ ಟಾರ್ಚ್ ಹಿಡಿದು ಕೂತು ನೋಡಿ. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಇದ್ದರೆ ಅದು ಗೆದ್ದಲಿನ ದಾರಿ. ಎರಡು ಬೆರಳಿನಷ್ಟು ಒಡೆದು ಬನ್ನಿ. ಎರಡು ಮೂರು ದಿನ ಬಿಟ್ಟು ಹೋದಾಗ ಮತ್ತೆ ಹಸಿ ಮಣ್ಣು ಮೆತ್ತಿದ್ದರೆ ಹುಳ ಓಡಾಡುತ್ತಿದೆ ಅಂತಲೇ. ಮೆತ್ತಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಹೋಗಿದೆ ಅಂತ ಅಲ್ಲ, ಬೇರೆ ದಾರಿ ಹಿಡಿದಿರಬಹುದು.

ಆ ಹೊಸ ಬಣ್ಣ ನನಗೂ ಸರಿ ಕಾಣುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟನ್ನು ಮೇಲಿನಿಂದ ಕೆಳಗಿನ ತನಕ ಬಡಿಯುತ್ತಾ ಬನ್ನಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಒಳಗೆ ಟೊಳ್ಳಾಗಿದ್ದರೆ ಸದ್ದು ಡಬ್ ಅಂತ ಬದಲಾಗುತ್ತದೆ. ಗೆದ್ದಲು ಒಳಗಿಂದ ತಿನ್ನುತ್ತಾ ಬಣ್ಣದ ಪದರ ಹಾಗೇ ಬಿಟ್ಟಿರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ದಹಿಸರ್‌ನಿಂದ:

ನಮ್ಮ ತಂದೆ ಬಡಗಿ ಕೆಲಸ ಮಾಡಿದವರು. ಮರದ ಪುಡಿ ಕಂಡ ತಕ್ಷಣ ಗೆದ್ದಲು ಅಂತ ಹೆದರಬೇಡಿ. ಗುಂಡುಸೂಜಿ ಚುಚ್ಚಿದ ಹಾಗೆ ಸಣ್ಣ ದುಂಡು ತೂತು, ಕೆಳಗೆ ಗೋಧಿ ಹಿಟ್ಟಿನಂಥ ನಯವಾದ ಪುಡಿ ಇದ್ದರೆ ಅದು ಮರ ಕೊರೆಯುವ ದುಂಬಿ. ಗಸಗಸೆಯ ಹಾಗೆ ಕಾಳು ಕಾಳಾಗಿ ಬಿದ್ದಿದ್ದರೆ ಒಣ ಮರದಲ್ಲೇ ಬದುಕುವ ಗೆದ್ದಲು. ನೆಲದಿಂದ ಬರುವ ಗೆದ್ದಲಾದರೆ ಮಣ್ಣು ಇದ್ದೇ ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ಮೊದಲ ಎರಡಕ್ಕೆ ನೆಲದಲ್ಲಿ ತೂತು ಕೊರೆದು ಔಷಧಿ ಹಾಕಿದರೆ ಸುಮ್ನೆ ದುಡ್ಡು ಹೋಗುತ್ತದೆ. ಯಾವ ಹುಳ ಅಂತ ಬರೆದುಕೊಡಲು ಕೇಳಿ.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಕಿಟಕಿ ಹತ್ತಿರ ರೆಕ್ಕೆಗಳು ಉದುರಿದ್ದರೆ ಅದನ್ನೂ ಗಮನಿಸಿ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ. ಇರುವೆಯದಾದರೆ ಮುಂದಿನ ಜೋಡಿ ದೊಡ್ಡದು.

ಮಾಟುಂಗಾದಿಂದ:

ಮೇಡಂ, ನಾನು ನಮ್ಮ ಕಟ್ಟಡದ ಹೌಸಿಂಗ್ ಸೊಸೈಟಿ ಕಮಿಟಿಯಲ್ಲಿದ್ದೇನೆ. ಫ್ಲ್ಯಾಟ್ ಒಳಗೆ ಮಾತ್ರ ನೋಡಿ ಬರಬೇಡಿ. ನಮ್ಮಲ್ಲಿ ಮೂರನೇ ಮಹಡಿಯವರೊಬ್ಬರು ಎರಡು ಸಲ ಔಷಧಿ ಹಾಕಿಸಿದರು, ಎರಡೂ ಸಲ ಮತ್ತೆ ಬಂತು. ಕೊನೆಗೆ ನೋಡಿದರೆ ಕೆಳಗೆ ಮೀಟರ್ ರೂಮಿನ ಹಳೇ ಮರದ ಹಲಗೆ ಪೂರ್ತಿ ತಿಂದಿತ್ತು. ಅಲ್ಲಿಂದ ಪೈಪ್ ಡಕ್ಟ್ ಹಿಡಿದು ಮೇಲೆ ಹತ್ತಿತ್ತು. ಸೊಸೈಟಿಯೇ ನೆಲದಲ್ಲಿ ಕೆಲಸ ಮಾಡಿಸಿದ ಮೇಲೆ ನಿಂತಿತು. ನಿಮ್ಮದು ಗ್ರೌಂಡ್ ಫ್ಲೋರ್, ಹಾಗಾಗಿ ಮೀಟರ್ ರೂಮ್, ಡಕ್ಟ್, ಬಾತ್‌ರೂಮಿನ ಹೊರಗೋಡೆ ನೋಡಲೇಬೇಕು. ನೀರು ಸೋರುವ ಜಾಗ ಗೆದ್ದಲಿಗೆ ಬಹಳ ಇಷ್ಟ. ನೆರೆಮನೆಯವರನ್ನೂ ಒಂದು ಮಾತು ಕೇಳಿ.

ನೀವು ಕರೆಸುವ ಪೆಸ್ಟ್ ಕಂಟ್ರೋಲ್‌ನವರ ಹತ್ತಿರ ಲೈಸೆನ್ಸ್ ಇದೆಯಾ ಕೇಳಿ. ಕೀಟನಾಶಕ ಕಾಯ್ದೆ 1968ರ ಪ್ರಕಾರ ಅದು ಬೇಕೇ ಬೇಕು. ಕಟ್ಟಿದ ಮನೆಗೆ ಔಷಧಿ ಹೇಗೆ ಹಾಕಬೇಕು ಅಂತ ಭಾರತೀಯ ಮಾನದಂಡ ಐಎಸ್ 6313ರ ಮೂರನೇ ಭಾಗದಲ್ಲಿದೆ. ಗೋಡೆ ನೆಲ ಸೇರುವ ಕಡೆ 300 ಮಿ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆದು, ಔಷಧಿ ತುಂಬಿ, ಮುಚ್ಚಬೇಕು. ಮುಂಚೆಯೇ ಟ್ರೀಟ್‌ಮೆಂಟ್ ಆಗಿದೆ ಅಂತ ಓನರ್ ಹೇಳಿದರೆ ಆ ಮುಚ್ಚಿದ ತೂತುಗಳನ್ನು ತೋರಿಸಲಿ. ಬಿಲ್ಲು, ಗ್ಯಾರಂಟಿ ಕಾಗದ, ಹಾಕಿದ ಔಷಧಿಯ ಹೆಸರು ಕೇಳಿ. ಸುಮ್ನೆ ಸ್ಪ್ರೇ ಹೊಡೆದಿದ್ದರೆ ಅದು ಲೆಕ್ಕಕ್ಕಿಲ್ಲ.

ಮುಲುಂಡ್‌ನಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಓನರ್ ಹತ್ತಿರ ಮಾತಾಡಿದೆ. ಕಪಾಟು ಖಾಲಿ ಮಾಡಿಕೊಡಲು ಒಪ್ಪಿದರು. ಚೌಕಟ್ಟು ಬಡಿದು ನೋಡಲು ಮಾತ್ರ ಬೇಡ, ಬಣ್ಣ ಹಾಳಾಗುತ್ತದೆ ಅನ್ನುತ್ತಿದ್ದಾರೆ.

ಗೋರೆಗಾಂವ್‌ನಿಂದ:

ಬಣ್ಣದ ಖರ್ಚು ನಾವೇ ಕೊಡುತ್ತೇವೆ ಅಂತ ಹೇಳಿ ನೋಡಿ ಅಕ್ಕ. ಆಗಲೂ ಬೇಡ ಅಂದರೆ ಟೋಕನ್ ಕೊಡಬೇಡಿ.