ಫ್ಯಾಕ್ಟ್ರಿ ಪ್ಯಾಲೆಟ್ ಬಿಚ್ಚಿ ಹಲಗೆ ತೆಗೆಯೋದು ಹೆಂಗೆ? ಬಡಗಿ ಅಣ್ಣನಿಗೆ ಪ್ರಶ್ನೆ

ಪ್ರಶ್ನೆ (ಶಿಡ್ಲಘಟ್ಟ): ಅಣ್ಣಾ ನಮಸ್ಕಾರ. ನಮ್ ಭಾವ ನರಸಾಪುರದಲ್ಲಿ ಫ್ಯಾಕ್ಟ್ರಿ ಕೆಲ್ಸಕ್ಕೆ ಹೋಗೋದು, ಅಲ್ಲಿ ಸಾಮಾನು ಪೇರಿಸಿ ಸಾಗ್ಸೋಕೆ ಅಡಿಗೆ ಇಡೋ ಹಳೆ ಮರದ ಪ್ಯಾಲೆಟ್‌ಗಳ್ನ ಗುಜರಿಗೆ ಹಾಕ್ತಾವ್ರೆ, ಬೇಕಾದ್ರೆ ಒಂದು ಟಾಟಾ ಏಸ್ ತುಂಬ್ಕೊಂಡೋಗು ಅಂತಾವ್ರೆ. ರೇಷ್ಮೆ ಹುಳು ಮನೆಗೆ ಸ್ಟ್ಯಾಂಡು, ಮಗಳಿಗೆ ಓದೋ ಟೇಬಲ್ಲು ಎರಡೂ ಅದ್ರಲ್ಲೇ ಮಾಡೋಣ ಅಂತ ಆಸೆ. ಆದ್ರೆ ಒಂದು ಬಿಚ್ಚಿ ನೋಡ್ದೆ, ಹಾರೆ ಹಾಕಿ ಮೀಟಿದ್ರೆ ಹಲಗೆ ಸೀಳ್ಕೊಂಡು ಹೋಗ್ತದೆ, ಮೊಳೆ ಮಾತ್ರ ಅಲ್ಲಾಡಲ್ಲ. ಅದ್ರಲ್ಲಿ ವಿಷ ಇರ್ತದೆ ಮುಟ್ಬೇಡ ಅಂತ ಬೇರೆ ಹೆದರಿಸ್ತಾರೆ, ನಿಜಾನಾ?

ಉತ್ತರ (ಬಡಗಿ, ಮಾಲೂರು): ತಮ್ಮಾ, ಬಿಚ್ಚೋದು ಆಮೇಲೆ, ಮೊದ್ಲು ಆರಿಸೋದು ಕಲಿ, ಅದೂ ಫ್ಯಾಕ್ಟ್ರಿ ಗೇಟ್ ಒಳಗೇ ಆರಿಸ್ಬೇಕು, ಮನೆಗೆ ತಂದ್ಮೇಲೆ ಬ್ಯಾಡ ಅಂದ್ರೆ ಯಾರೂ ವಾಪಸ್ ತಗೊಳಲ್ಲ. ಎಣ್ಣೆ ಕಲೆ, ಬಣ್ಣದ ಕಲೆ, ಮೂಗಿಗೆ ಹೊಡೆಯೋ ವಾಸ್ನೆ ಏನೇ ಇದ್ರೂ ಬಿಡು, ಕೆಮಿಕಲ್ ಡ್ರಮ್ ಇಟ್ಟಿದ್ದಿರ್ಬೋದು. ಪೂರ್ತಿ ನೀಲಿನೋ ಕೆಂಪೋ ಬಳಿದಿದ್ರೆ ಸಾಮಾನ್ಯವಾಗಿ ಬಾಡಿಗೆ ಕಂಪ್ನಿ ಮಾಲು, ಫ್ಯಾಕ್ಟ್ರಿಯವ್ರಿಗೇ ಮಾರೋ ಹಕ್ಕಿರಲ್ಲ. ಗೇಟ್ ಪಾಸ್ ಇಲ್ದೆ ಒಂದೂ ಆಚೆ ತರ್ಬೇಡ, ಭಾವನ ಕೆಲ್ಸಕ್ಕೆ ಕುತ್ತು.

ವಿಷದ ಮಾತಿಗೆ ಬರೋಣ. ಹೊರದೇಶದ ಸಾಗಾಟಕ್ಕೆ ಹೋಗೋ ಬರೋ ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆ ಥರದ ಒಂದು ಮುದ್ರೆ ಇರ್ತದೆ, 2002ರಲ್ಲಿ ಬಂದ ಐಎಸ್‌ಪಿಎಂ 15 ಅನ್ನೋ ರೂಲು ಅದು, ಮರದ ಜೊತೆ ಹುಳ ಬೇರೆ ದೇಶಕ್ಕೆ ಹೋಗ್ಬಾರ್ದು ಅಂತ. ಅದ್ರಲ್ಲಿ ಎಚ್‌ಟಿ ಅಂತಿದ್ರೆ ಮರದ ಒಳಗಿನ ತಿರುಳೂ 56 ಡಿಗ್ರಿ ಸೆಲ್ಸಿಯಸ್‌ಗೆ ಬಂದು 30 ನಿಮಿಷ ಅಲ್ಲೇ ನಿಲ್ಲೋ ಹಂಗೆ ಬಿಸಿ ಮಾಡವ್ರೆ ಅಂತ, ಅದನ್ನ ತಗೋ. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಗ್ಯಾಸ್ ಹೊಡೆದವ್ರೆ, ಅದು ಮನೆ ಒಳಗಿನ ಸಾಮಾನಿಗೆ ಬ್ಯಾಡ. ಮುದ್ರೆನೇ ಇಲ್ಲ ಅಂದ್ರೆ ಗಾಬರಿ ಬೀಳ್ಬೇಡ, ದೇಶದೊಳಗೆ ಓಡಾಡೋ ಪ್ಯಾಲೆಟ್‌ಗೆ ಆ ರೂಲ್ ಇಲ್ಲ, ಅದ್ರ ಮೇಲೆ ಏನು ಇಡ್ತಿದ್ರು ಅಂತ ಭಾವನ್ನ ಕೇಳು. ಇನ್ನೊಂದು, ಎಚ್‌ಟಿ ಅಂದ್ರೆ ಮುಂದೆ ಗೆದ್ದಲು ಹಿಡಿಯಲ್ಲ ಅಂತ ಅಲ್ಲ. ಬಿಸಿ ಮಾಡಿದ ದಿನ ಒಳಗಿದ್ದ ಹುಳ ಸಾಯ್ತದೆ ಅಷ್ಟೆ.

ಈಗ ಬಿಚ್ಚೋದು. ಪ್ಯಾಲೆಟ್‌ಗೆ ಹೊಡೆಯೋದು ಸುರುಳಿ ಮೊಳೆ, ತಿರುಪಿನ ಹಂಗೆ ಮರ ಕಚ್ಕೊಂಡಿರ್ತದೆ, ಮೀಟಿದ್ರೆ ಹಲಗೆನೇ ಮೊದ್ಲು ಸೋಲ್ತದೆ. ಅದಕ್ಕೇ ಮೊಳೆ ಕೀಳಕ್ಕೆ ಹೋಗ್ಬೇಡ, ಕೊಯ್ದುಬಿಡು. ಹಲಗೆಗೂ ಅದನ್ನ ಹೊತ್ತಿರೋ ಕೆಳಗಿನ ದಪ್ಪ ಪಟ್ಟಿ, ಅದೇ ರೀಪರಿಗೂ ಮಧ್ಯೆ ಬೆಣೆ ಹೊಡೆದು ಒಂಚೂರು ಸಂದು ಮಾಡ್ಕೊ, ಅದ್ರೊಳಗೆ ರಿಸಿಪ್ರೊಕೇಟಿಂಗ್ ಸಾ (ಬ್ಲೇಡು ಹಿಂದೆ ಮುಂದೆ ಆಡೋ ಮಿಷಿನ್ ಗರಗಸ) ತೂರಿಸಿ ಮೊಳೆ ಕೊಯ್ಯಿ, ಕಬ್ಬಿಣ ಕೊಯ್ಯೋ ಬೈಮೆಟಲ್ ಬ್ಲೇಡೇ ಹಾಕು. ಮಿಷಿನ್ ಬಾಡಿಗೆಗೆ ಸಿಗ್ಲಿಲ್ಲ ಅಂದ್ರೆ ಹ್ಯಾಕ್ಸಾ ಬ್ಲೇಡಿಗೆ ಒಂದು ಕಡೆ ಬಟ್ಟೆ ಸುತ್ಕೊಂಡು ಕೊಯ್ಯಿ, ನಿಧಾನ ಆಯ್ತದೆ, ಆದ್ರೆ ಆಯ್ತದೆ. ಗ್ರೈಂಡರ್ ಮಾತ್ರ ಬ್ಯಾಡಪ್ಪ, ಒಣಗಿದ ಮರದ ಪುಡಿ ಮೇಲೆ ಕಿಡಿ ಬಿದ್ರೆ ಗತಿ ಏನು.

ಹಲಗೆ ಬಿಡಿ ಆದ್ಮೇಲೆ ಒಳಗೆ ಉಳಿದ ಮೊಳೆ ತುಂಡನ್ನ ಹಿಂದ್ಗಡೆಯಿಂದ ಪಂಚ್ ಇಟ್ಟು ಬಡಿ, ತಲೆ ಮೇಲೆ ಬರ್ತದೆ, ಇಕ್ಕಳದಲ್ಲಿ ಎಳಿ. ಒಂದೂ ಬಿಡಂಗಿಲ್ಲ. ಹಳೆ ಸ್ಪೀಕರಿನ ಮ್ಯಾಗ್ನೆಟ್ಟು ಹಲಗೆ ಮೇಲೆ ಎರಡೂ ಕಡೆ ಆಡಿಸ್ಕೊಂಡು ಬಾ, ಎಲ್ಲಿ ಎಳೀತದೋ ಅಲ್ಲಿ ಮೊಳೆ. ಒಂದು ಮೊಳೆ ಸಿಕ್ರೂ ಮರ ಹೆರೆದು ನಯ ಮಾಡೋ ಪ್ಲೇನರ್ ಮಿಷಿನ್ ಬ್ಲೇಡು ಹಾಳು, ಅದಕ್ಕೇ ಸಾಮಿಲ್‌ನವ್ರು ಪ್ಯಾಲೆಟ್ ಮರ ಅಂದ್ರೆ ಮುಖ ತಿರುಗಿಸೋದು.

ಪ್ರಶ್ನೆ (ಅದೇ ಶಿಡ್ಲಘಟ್ಟ): ಸರಿ ಅಣ್ಣಾ. ಟೇಬಲ್ಲಿಗೆ ಎಷ್ಟು ಪ್ಯಾಲೆಟ್ ಬೇಕಾಗ್ಬೋದು? ಹುಳು ಸ್ಟ್ಯಾಂಡ್ ಬಗ್ಗೆ ಏನೂ ಹೇಳ್ಲಿಲ್ಲ?

ಉತ್ತರ: ಲೆಕ್ಕ ಹಾಕು. 1200 ಮಿಲಿಮೀಟರ್ ಉದ್ದ, 95 ಅಗಲ, 18 ದಪ್ಪದ ಹಲಗೆ ಅಂತಿಟ್ಕೊ. ಪ್ಲೇನರ್ ಹೊಡೆದ್ಮೇಲೆ 18 ಇದ್ದಿದ್ದು 14, 15ಕ್ಕೆ ಇಳೀತದೆ, ಕೊನೆ ಸೀಳಿರೋದು ಕಡಿದ್ರೆ ಉದ್ದನೂ ಹೋಗ್ತದೆ. 4 ಅಡಿ ಟೇಬಲ್ ಆಸೆ ಬಿಟ್ಟು ಮೂರೂವರೆ ಅಡಿಗೆ ಪ್ಲಾನ್ ಮಾಡು. ಎರಡಡಿ ಅಗಲಕ್ಕೆ ಏಳು ಹಲಗೆ ಬೀಳ್ತದೆ, ಮೂರು ಪ್ಯಾಲೆಟ್ ಬಿಚ್ಚಿದ್ರೆ ಆರಿಸ್ಕೊಳಕ್ಕೂ ಉಳೀತದೆ. ಕಾಲಿಗೆ ಕೆಳಗಿನ ರೀಪರೇ ಸಾಕು. ಅಂಟು ಹಾಕೋ ಮುಂಚೆ ನೆರಳಲ್ಲಿ ಮಧ್ಯೆ ಮಧ್ಯೆ ಪಟ್ಟಿ ಕೊಟ್ಟು ಜೋಡಿಸಿ ಚೆನ್ನಾಗಿ ಒಣಗಿಸು, ಮಳೇಲಿ ನೆಂದಿರೋ ಮಾಲನ್ನ ಹಂಗೇ ಫೆವಿಕಾಲ್ ಹಾಕಿ ಕೂಡಿಸಿದ್ರೆ ಬೇಸಿಗೆ ಬಂದಾಗ ಸಂದು ಬಿಡ್ತದೆ. ಪೈನ್ ಆದ್ರೆ ಹಗುರ, ಕೆಲ್ಸ ಸಲೀಸು. ನಮ್ ಕಡೆ ನೀಲಗಿರಿ ಹಲಗೆನೂ ಬರ್ತದೆ, ಭಾರ, ಸೊಟ್ಟ ತಿರುಗ್ತದೆ, ತೂತು ಕೊರೀದೆ ಸ್ಕ್ರೂ ಹಾಕಿದ್ರೆ ಸೀಳ್ತದೆ.

ಹುಳು ಮನೆಗೆ ಮಾತ್ರ ಬ್ಯಾಡ, ಎಚ್‌ಟಿ ಮುದ್ರೆ ಇದ್ರೂ ಬ್ಯಾಡ. ಆ ಮುದ್ರೆ ಬಿದ್ಮೇಲೆ ಪ್ಯಾಲೆಟ್ ಮೇಲೆ ಔಷಧಿ ಡಬ್ಬ ಇಟ್ಟಿದ್ರೋ ಏನೋ ಯಾರಿಗೆ ಗೊತ್ತು, ಹುಳುಗೆ ಕೀಟನಾಶಕದ ಸೋಂಕು ಒಂಚೂರು ತಗುಲಿದ್ರೂ ಬೆಳೆ ಹೋಯ್ತು ಅಂತ ನಿಂಗೆ ನಾನು ಹೇಳ್ಬೇಕಾ. ಮೇಲಾಗಿ ಪ್ರತಿ ಹಲಗೇಲೂ ಮೊಳೆ ತೂತು, ಬಿರುಕು. ರೇಷ್ಮೆ ಹುಳುನ ಕೊಲ್ಲೋ ಊಜಿ ನೊಣದ ಮರಿ ಅಂಥ ಸಂದೀಲೇ ಸೇರ್ಕೊಳೋದು, ಹುಳುಗೆ ಹಾಲುತೊಂಡೆ ರೋಗ ಬಂದ ಮನೇಲಿ ಬ್ಲೀಚಿಂಗ್ ನೀರು ಹೊಡೆದ್ರೂ ಆ ತೂತಿನ ತಳಕ್ಕೆ ಮುಟ್ಟಲ್ಲ. ಸ್ಟ್ಯಾಂಡಿಗೆ ಕಬ್ಬಿಣದ ಪೈಪೇ ಹಾಕ್ಸು.

ಪ್ರಶ್ನೆ (ಚಿಂತಾಮಣಿಯ ಒಬ್ಬ ಅಕ್ಕ): ಅಣ್ಣ, ಟೆರೇಸ್ ಮೇಲೆ ಕೊತ್ಮೀರಿ ಪಾಲಕ್ ಹಾಕೋಕೆ ಇದ್ರಲ್ಲಿ ಬಾಕ್ಸ್ ಮಾಡ್ಬೋದಾ? ಮಿಕ್ಕ ತುಂಡು ನೀರೊಲೆಗೆ ಹಾಕ್ಬೋದಾ?

ಉತ್ತರ: ಬಾಕ್ಸ್ ಮಾಡ್ಬೋದಕ್ಕ, ಎಚ್‌ಟಿ ಇರೋ, ಕಲೆ ಇಲ್ದಿರೋ ಹಲಗೆ ಮಾತ್ರ. ಪೈನ್ ಮಣ್ಣಿನ ತೇವಕ್ಕೆ ಬೇಗ ಕೊಳೀತದೆ, ಒಳಗೆ ಪ್ಲಾಸ್ಟಿಕ್ ಶೀಟ್ ಹಾಕಿ ತಳದಲ್ಲಿ ತೂತು ಬಿಡಿ, ಬಾಕ್ಸನ್ನ ಇಟ್ಟಿಗೆ ಮೇಲೆ ಎತ್ತಿಡಿ. ಒಲೆಗೆ ಬಣ್ಣದ್ದು, ಎಂಬಿ ಮುದ್ರೇದು, ಪುಡಿ ಅಂಟಿಸಿ ಒತ್ತಿರೋ ದಿಮ್ಮಿ ಯಾವ್ದೂ ಹಾಕ್ಬೇಡಿ. ಬರೀ ಮರದ ತುಂಡಾದ್ರೆ ಹಾಕಿ, ಬೂದಿ ಗಿಡಕ್ಕೆ ಚೆಲ್ಲೋ ಮುಂಚೆ ಅದ್ರಲ್ಲೂ ಮ್ಯಾಗ್ನೆಟ್ಟು ಆಡಿಸಿ, ಬರಿಗಾಲಲ್ಲಿ ಓಡಾಡೋ ಮಕ್ಳಿರ್ತವೆ.